ಹಳೇ ಡಿಎಸ್‌ಎಲ್‌ಆರ್ ಕೊಳ್ಳುವಾಗ: ಏನು ಸವೆಯುತ್ತದೆ, ಏನು ಸವೆಯುವುದಿಲ್ಲ

ಹಳೇ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಈಗ ಇಷ್ಟು ಅಗ್ಗಕ್ಕೆ ಯಾಕೆ ಸಿಗುತ್ತಿದೆ? ಅದು ತೆಗೆಯುವ ಫೋಟೋ ಕೆಟ್ಟಿದೆ ಅಂತ ಅಲ್ಲ. 2018ರಲ್ಲಿ ನಿಕಾನ್ ಝಡ್ ಮೌಂಟ್ (ಬಾಡಿಗೆ ಲೆನ್ಸ್ ಕೂರುವ ಜೋಡಣೆ) ತಂದಿತು, ಕ್ಯಾನನ್ ಆರ್‌ಎಫ್ ಮೌಂಟ್ ತಂದಿತು. ಎರಡೂ ಮಿರರ್‌ಲೆಸ್, ಅಂದರೆ ಕನ್ನಡಿ ಇಲ್ಲದ ಕ್ಯಾಮೆರಾಗಳಿಗೆ. 2020ರ ಶುರುವಿನಲ್ಲಿ ನಿಕಾನ್ ಡಿ780, ಡಿ6, ಕ್ಯಾನನ್ 850ಡಿ, 1ಡಿ ಎಕ್ಸ್ ಮಾರ್ಕ್ 3 ಬಂದವು. ಆಮೇಲೆ ಈ ಎರಡು ಕಂಪನಿಗಳಿಂದ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. ಫೋಟೋಗ್ರಫಿಯನ್ನೇ ಕಸುಬು ಮಾಡಿಕೊಂಡವರು ಒಬ್ಬೊಬ್ಬರಾಗಿ ಮಿರರ್‌ಲೆಸ್‌ಗೆ ಹೋದರು. ಅವರ ಹತ್ತಿರ ಇದ್ದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಲೆನ್ಸ್, ಫ್ಲ್ಯಾಶ್ ಎಲ್ಲ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದವು. ಬೆಲೆ ಇಳಿದದ್ದು ಹೀಗೆ.

ಅಂದರೆ ಮಾಡೆಲ್ ಹಳೆಯದಾಗಿದೆ ಅನ್ನೋದು ಒಂದು ಮಾತು, ನಿಮ್ಮ ಕೈಗೆ ಬರುವ ಆ ಒಂದು ಕ್ಯಾಮೆರಾ ಎಷ್ಟು ಸವೆದಿದೆ ಅನ್ನೋದು ಬೇರೆಯೇ ಮಾತು. ಕೊಳ್ಳುವವರು ಹೆಚ್ಚಾಗಿ ಮೊದಲನೆಯದರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟು ಮೆಗಾಪಿಕ್ಸೆಲ್, ಯಾವ ವರ್ಷದ್ದು, ಅದರ ಮುಂದಿನ ಮಾಡೆಲ್‌ನಲ್ಲಿ ಏನಿದೆ ಅಂತ ಹುಡುಕುತ್ತಾರೆ. ದುಡ್ಡು ಹೋಗುವುದು ಮಾತ್ರ ಎರಡನೆಯದರಲ್ಲಿ.

ಸೆನ್ಸರ್ ಬಗ್ಗೆ ಚಿಂತೆ ಬೇಡ

ಸೆನ್ಸರ್ ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಅದರಲ್ಲಿ ಅಲುಗಾಡುವ ಭಾಗ ಇಲ್ಲ. ವರ್ಷ ಕಳೆದಂತೆ ಅಲ್ಲೊಂದು ಇಲ್ಲೊಂದು ಹಾಟ್ ಪಿಕ್ಸೆಲ್ (ಬೆಳಕಿಲ್ಲದಿದ್ದರೂ ಹೊಳೆಯುವ ಚುಕ್ಕೆ) ಹುಟ್ಟಬಹುದು, ಅಷ್ಟೇ. 2008ರ ನಿಕಾನ್ ಡಿ700 ಅವತ್ತು ಎಂಥ ಚಿತ್ರ ಕೊಡುತ್ತಿತ್ತೋ ಇವತ್ತೂ ಅಂಥದ್ದೇ ಕೊಡುತ್ತದೆ.

'ಬರೀ 12 ಮೆಗಾಪಿಕ್ಸೆಲ್ ಸಾಕಾ?' ಅಂತ ಕೇಳುವವರು ತುಂಬಾ ಜನ. ಲೆಕ್ಕ ಹಾಕಿ ನೋಡಿ. ನಿಕಾನ್ ಡಿ90 ಕೊಡುವ ಚಿತ್ರ 4288 × 2848 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್‌ನಂತೆ ಪ್ರಿಂಟ್ ಹಾಕಿಸಿದರೆ 14 ಇಂಚು ಉದ್ದ, ಒಂಬತ್ತೂವರೆ ಇಂಚು ಅಗಲ ಬರುತ್ತದೆ. ಗೋಡೆ ಮೇಲೆ ತೂಗುಹಾಕುವ ಚಿತ್ರವನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ, ಹಾಗಾಗಿ ಇನ್ನೂ ದೊಡ್ಡದು ಮಾಡಿದರೂ ನಡೆಯುತ್ತದೆ. ಇನ್ನು 4ಕೆ ಟಿವಿ ಪರದೆಯಲ್ಲಿ ಇರುವುದೇ ಸುಮಾರು 83 ಲಕ್ಷ ಪಿಕ್ಸೆಲ್. ಡಿ90 ಕೊಡುವುದು 1.2 ಕೋಟಿ. ದೂರದ ಹಕ್ಕಿಯನ್ನು ತೆಗೆದು ಆಮೇಲೆ ಕ್ರಾಪ್ ಮಾಡುವ ಅಭ್ಯಾಸ ಇದ್ದವರಿಗೆ ಮಾತ್ರ ಮೆಗಾಪಿಕ್ಸೆಲ್ ಜಾಸ್ತಿ ಬೇಕು.

ಹಳೇ ಮಾಡೆಲ್‌ಗಳು ನಿಜವಾಗಿ ಹಿಂದೆ ಬೀಳುವುದು ಬೇರೆ ಕಡೆ. ಒಂದು, ಕತ್ತಲು. 2005ರ ಕ್ಯಾನನ್ 5ಡಿಯಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ದಾಟಲು ಯೋಚಿಸಬೇಕು. ಎರಡು, ನೆರಳಿನ ಭಾಗವನ್ನು ಕಂಪ್ಯೂಟರ್‌ನಲ್ಲಿ ಬೆಳಗಿಸುವುದು. 2010ರ ನಿಕಾನ್ ಡಿ7000 ಈ ಕೆಲಸಕ್ಕೆ ಚೆನ್ನಾಗಿ ಬಗ್ಗುತ್ತದೆ. ಹೆಚ್ಚುಕಡಿಮೆ ಅದೇ ಕಾಲದ ಕ್ಯಾನನ್ 5ಡಿ ಮಾರ್ಕ್ 2ರಲ್ಲಿ ನೆರಳನ್ನು ತುಂಬಾ ಎತ್ತಿದರೆ ಪಟ್ಟೆ ಪಟ್ಟೆಯಾಗಿ ನಾಯ್ಸ್ (ಕಾಳು ಕಾಳಾದ ಕಲೆ) ಏಳುತ್ತದೆ. ಮೂರು, ಹಿಂದಿನ ಪರದೆ ನೋಡಿಕೊಂಡು ಫೋಕಸ್ ಮಾಡುವುದು. ಅದು ಹಳೆಯವುಗಳಲ್ಲಿ ಬಲು ನಿಧಾನ. 2013ರ ಕ್ಯಾನನ್ 70ಡಿಯಲ್ಲಿ ಡ್ಯುಯಲ್ ಪಿಕ್ಸೆಲ್ ಎಂಬ ವೇಗದ ಫೋಕಸ್ ವ್ಯವಸ್ಥೆ ಬಂದ ಮೇಲೆ ಸಂಗತಿ ಬದಲಾಯಿತು. ವಿಡಿಯೋ ಮಾಡುವುದೇ ಮುಖ್ಯ ಅನ್ನುವವರು 70ಡಿಗಿಂತ ಹಿಂದಕ್ಕೆ ಹೋಗದಿರುವುದು ಒಳ್ಳೆಯದು. ನನ್ನನ್ನು ಕೇಳಿದರೆ ವಿಡಿಯೋಗಾಗಿ ಹಳೇ ಡಿಎಸ್‌ಎಲ್‌ಆರ್ ಕೊಳ್ಳಲೇಬೇಡಿ ಅನ್ನುತ್ತೇನೆ.

ಸವೆಯುವುದು ಶಟರ್

ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ನೋಡಿ. ಕನ್ನಡಿ ಮೇಲಕ್ಕೆ ಹಾರುತ್ತದೆ. ಲೆನ್ಸ್‌ನೊಳಗಿನ ಅಪರ್ಚರ್ (ಬೆಳಕು ಬಿಡುವ ತೂತು) ಎಲೆಗಳು ಮುಚ್ಚಿಕೊಂಡು ನೀವು ಹೇಳಿದ ಅಳತೆಗೆ ಬಂದು ನಿಲ್ಲುತ್ತವೆ. ಸೆನ್ಸರ್ ಮುಂದಿರುವ ಶಟರ್‌ನ ಮೊದಲ ಪರದೆ ಸರಿಯುತ್ತದೆ, ಅದರ ಬೆನ್ನಿಗೇ ಎರಡನೇ ಪರದೆ ಓಡಿಬರುತ್ತದೆ. ಕನ್ನಡಿ ಮತ್ತೆ ಕೆಳಗೆ ಬೀಳುತ್ತದೆ. ಸೆಕೆಂಡಿನ ಒಂದು ಚೂರಿನಲ್ಲಿ ಸ್ಪ್ರಿಂಗ್, ಮೋಟಾರ್, ಗೇರ್ ಎಲ್ಲ ಒಂದು ಸುತ್ತು ದುಡಿದಿರುತ್ತವೆ. ಇಂಥ ಪ್ರತಿ ಸುತ್ತನ್ನು ಎಣಿಸಿದ ಸಂಖ್ಯೆಯೇ ಶಟರ್ ಕೌಂಟ್.

ಕ್ಯಾನನ್ 60ಡಿ, 70ಡಿ ಶಟರ್‌ಗೆ ಕಂಪನಿ ಹೇಳುವ ಬಾಳಿಕೆ 1 ಲಕ್ಷ ಸುತ್ತು. 5ಡಿ ಮಾರ್ಕ್ 2, ನಿಕಾನ್ ಡಿ700, ಡಿ7000 ಇವಕ್ಕೆ 1.5 ಲಕ್ಷ. 1ಡಿ ಎಕ್ಸ್‌ನಂಥ ದೊಡ್ಡ ಬಾಡಿಗೆ 4 ಲಕ್ಷ. ಈ ಸಂಖ್ಯೆ ಮುಟ್ಟಿದ ದಿನವೇ ಶಟರ್ ಸಾಯುತ್ತದೆ ಅಂತಲ್ಲ. ಎರಡು ಪಟ್ಟು ಓಡಿದವೂ ಇವೆ, ಅರ್ಧಕ್ಕೇ ಕೈಕೊಟ್ಟವೂ ಇವೆ. ಚೌಕಾಸಿಗೆ ಇದು ಒಳ್ಳೇ ಆಧಾರ, ಜಾತಕ ಅಲ್ಲ.

ಕೌಂಟ್ ನೋಡುವುದು ನಿಕಾನ್‌ನಲ್ಲಿ ಸುಲಭ. ಕ್ಯಾಮೆರಾ ತೆಗೆದ ಪ್ರತಿ ಫೈಲ್‌ನೊಳಗೇ ಆ ಸಂಖ್ಯೆ ಬರೆದಿರುತ್ತದೆ. ಮಾರುವವರು ಹೊಸದಾಗಿ ತೆಗೆದ ಒಂದು ಜೆಪೆಗ್ ಕಳಿಸಿದರೆ ಸಾಕು, ಎಕ್ಸಿಫ್ (ಫೈಲ್‌ನೊಳಗಿನ ಇಂಥ ಮಾಹಿತಿ) ಓದುವ ಯಾವುದಾದರೂ ಸಾಫ್ಟ್‌ವೇರ್‌ನಲ್ಲಿ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕ್ಯಾನನ್‌ನ ಬಹುತೇಕ ಮಾಡೆಲ್‌ಗಳು ಫೈಲ್‌ನಲ್ಲಿ ಇದನ್ನು ಬರೆಯುವುದಿಲ್ಲ. ಯುಎಸ್‌ಬಿ ಕೇಬಲ್ ಹಾಕಿ, ಅದಕ್ಕೆಂದೇ ಇರುವ ಸಾಫ್ಟ್‌ವೇರ್‌ನಿಂದ ಓದಬೇಕು.

ಇಲ್ಲಿ ಒಂದು ಮಾತು. 'ಸುಮ್ನೆ ಬೀರುವಿನಲ್ಲಿ ಇಟ್ಟಿದ್ದೆ, ಬಳಸೇ ಇಲ್ಲ' ಅನ್ನುವ ಕ್ಯಾಮೆರಾ ಅಂದರೆ ಜನ ಮುಗಿಬೀಳುತ್ತಾರೆ. ನನಗೆ ಅಂಥದ್ದರ ಮೇಲೇ ಅನುಮಾನ ಜಾಸ್ತಿ. ವರ್ಷಗಟ್ಟಲೆ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸ್‌ಗೆ ಫಂಗಸ್ ಹಿಡಿಯುತ್ತದೆ, ಬ್ಯಾಟರಿ ಸಾಯುತ್ತದೆ, ಹಿಡಿಯ ರಬ್ಬರ್ ಅಂಟಂಟಾಗಿ ಎದ್ದುಬರುತ್ತದೆ. 60,000 ಓಡಿದ, ವಾರಕ್ಕೊಮ್ಮೆ ಕೈಗೆ ಬಂದ ಬಾಡಿ 4,000 ಓಡಿ ಮೂಲೆ ಸೇರಿದ್ದಕ್ಕಿಂತ ಎಷ್ಟೋ ವಾಸಿ.

ಕೈಗೆ ಬಂದಾಗ ಏನು ನೋಡಬೇಕು

ನಿಮ್ಮದೇ ಮೆಮೊರಿ ಕಾರ್ಡ್ ತೆಗೆದುಕೊಂಡು ಹೋಗಿ. ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ಮೊದಲು ಶಟರ್. ಒಂದೇ ಬಣ್ಣದ, ಸಮನಾಗಿ ಬೆಳಕು ಬಿದ್ದ ಗೋಡೆ ಹುಡುಕಿ. ಬಯಲಿನಲ್ಲಿ ಬಿಸಿಲು ಬಿದ್ದದ್ದಾದರೆ ಒಳ್ಳೆಯದು, ಕೆಲವು ಬಲ್ಬುಗಳ ಮಿನುಗು ಚಿತ್ರದಲ್ಲಿ ಪಟ್ಟೆಯಾಗಿ ಬಂದು ದಾರಿ ತಪ್ಪಿಸುತ್ತದೆ. ಕ್ಯಾಮೆರಾದ ಅತಿ ವೇಗದ ಶಟರ್ ಸ್ಪೀಡ್ ಹಾಕಿ, 1/4000 ಅಥವಾ 1/8000. ಐಎಸ್‌ಒ ಬೇಕಾದಷ್ಟು ಏರಿಸಿ, ನಾಲ್ಕೈದು ಚಿತ್ರ ತೆಗೆಯಿರಿ. ಈ ವೇಗದಲ್ಲಿ ಎರಡು ಪರದೆಗಳ ನಡುವೆ ಇರುವುದು ಒಂದು ಸಣ್ಣ ಸೀಳು ಮಾತ್ರ. ಎರಡೂ ಒಂದೇ ವೇಗದಲ್ಲಿ ಓಡದಿದ್ದರೆ ಸೀಳಿನ ಅಗಲ ಹೆಚ್ಚುಕಡಿಮೆಯಾಗಿ, ಚಿತ್ರದ ಮೇಲ್ಭಾಗವೋ ಕೆಳಭಾಗವೋ ಕಪ್ಪಾಗುತ್ತದೆ. ಅಂಥ ಪಟ್ಟಿ ಕಂಡರೆ ಕೌಂಟ್ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡಿ. ಸರಿ ಕಂಡರೆ ಬರ್ಸ್ಟ್ ಮೋಡ್‌ಗೆ ಹಾಕಿ ಒಂದಿಪ್ಪತ್ತು ಫ್ರೇಮ್ ಓಡಿಸಿ. ಸದ್ದು ತಾಳ ತಪ್ಪಬಾರದು.

ಆಮೇಲೆ ಸೆನ್ಸರ್ ಮೇಲಿನ ಧೂಳು. ಅಪರ್ಚರ್ ಎಫ್/22ಕ್ಕೆ (ತುಂಬಾ ಚಿಕ್ಕ ತೂತು) ಹಾಕಿ, ಫೋಕಸ್ ಬೇಕೆಂದೇ ತಪ್ಪಿಸಿ, ಅದೇ ಗೋಡೆಯನ್ನೋ ಖಾಲಿ ಆಕಾಶವನ್ನೋ ತೆಗೆಯಿರಿ. ಧೂಳು ಬೂದು ಚುಕ್ಕೆಗಳಾಗಿ ಕಾಣುತ್ತದೆ. ಒಂದೆರಡು ಚುಕ್ಕೆಗೆ ಹೆದರಬೇಕಿಲ್ಲ, ಬ್ಲೋವರ್‌ನಿಂದ ಹೋಗುತ್ತವೆ. ಬ್ಲೋವರ್‌ಗೂ ಜಗ್ಗದ, ಗೆರೆಯಂತೆ ಉದ್ದಕ್ಕಿರುವ ಗುರುತು ಗೀರು ಆಗಿರಬಹುದು, ಹುಷಾರು. ನಿಕಾನ್ ಡಿ600 ಬಂದ 2012ರಲ್ಲಿ ಅದರ ಸೆನ್ಸರ್ ಮೇಲೆ ಪದೇ ಪದೇ ಚುಕ್ಕೆ ಬೀಳುತ್ತವೆ ಅನ್ನುವ ದೂರು ಎದ್ದಿತ್ತು. ಕೊನೆಗೆ ಕಂಪನಿಯೇ ಪುಕ್ಕಟೆಯಾಗಿ ಶಟರ್ ಬದಲಿಸಿಕೊಡಬೇಕಾಯಿತು. ಆ ಮಾಡೆಲ್ ಸಿಕ್ಕರೆ ಶಟರ್ ಬದಲಾಗಿದೆಯಾ ಅಂತ ಕೇಳಿ, ಅಥವಾ ಮರುವರ್ಷ ಬಂದ ಡಿ610 ನೋಡಿ.

ವ್ಯೂಫೈಂಡರ್‌ನಲ್ಲಿ ಕಾಣುವ ಧೂಳು ಬೇರೆ ವಿಷಯ. ಅದು ಫೋಕಸಿಂಗ್ ಸ್ಕ್ರೀನ್ ಮೇಲಿದ್ದದ್ದು, ಚಿತ್ರಕ್ಕೆ ಬರುವುದಿಲ್ಲ. ನೋಡಲು ಕಿರಿಕಿರಿ, ಅಷ್ಟೇ. ಅದನ್ನೇ ತೋರಿಸಿ ಬೆಲೆ ಇಳಿಸಿಕೊಂಡರೆ ನಿಮ್ಮ ಜಾಣತನ.

ಲೆನ್ಸ್ ಮುಚ್ಚಳ ಹಾಕಿ 10 ಸೆಕೆಂಡಿನ ಒಂದು ಚಿತ್ರ ತೆಗೆದರೆ ಹಾಟ್ ಪಿಕ್ಸೆಲ್ ಕಾಣುತ್ತವೆ. ಹತ್ತಾರು ಇದ್ದರೂ ಚಿಂತೆಯಿಲ್ಲ.

ಫೋಕಸ್ ಪರೀಕ್ಷೆಗೆ ಸ್ವಲ್ಪ ತಾಳ್ಮೆ ಬೇಕು. ಡಿಎಸ್‌ಎಲ್‌ಆರ್‌ನ ಫೋಕಸ್ ಸೆನ್ಸರ್ ಬಾಡಿಯ ತಳದಲ್ಲಿ ಬೇರೆಯೇ ಇರುತ್ತದೆ. ಮುಖ್ಯ ಕನ್ನಡಿಯ ಹಿಂದಿನ ಸಣ್ಣ ಕನ್ನಡಿಯಿಂದ ಅದಕ್ಕೆ ಬೆಳಕು ಹೋಗುತ್ತದೆ. ಬಿದ್ದ ಕ್ಯಾಮೆರಾದಲ್ಲಿ ಈ ಲೆಕ್ಕ ಒಂದಿಷ್ಟು ಸರಿದಿರುತ್ತದೆ. ಮೇಜಿನ ಮೇಲೆ ಒಂದು ಸ್ಕೇಲನ್ನು ನಿಮ್ಮಿಂದ ದೂರಕ್ಕೆ ಹೋಗುವಂತೆ ಇಡಿ. ನಡುವಿನ ಅಂಕಿಯ ಪಕ್ಕದಲ್ಲೇ ಒಂದು ಬೆಂಕಿಪೊಟ್ಟಣ ನಿಲ್ಲಿಸಿ, ಅದರ ಮೇಲೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ಪೊಟ್ಟಣ ಮಸುಕಾಗಿ, ಸ್ಕೇಲಿನ ಹಿಂದಿನ ಅಥವಾ ಮುಂದಿನ ಅಂಕಿ ಚೂಪಾಗಿ ಬಂದರೆ ಫೋಕಸ್ ಸರಿದಿದೆ. ಈಗ ಅದನ್ನೇ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿಕೊಂಡು ತೆಗೆಯಿರಿ. ಲೈವ್ ವ್ಯೂನಲ್ಲಿ ಸರಿಯಾಗಿ ಬಂದರೆ ಗಾಜು ಚೆನ್ನಾಗಿದೆ, ಹೊಂದಾಣಿಕೆ ಮಾತ್ರ ತಪ್ಪಿದೆ ಎಂದರ್ಥ. 5ಡಿ ಮಾರ್ಕ್ 2, 7ಡಿ, ಡಿ700, ಡಿ7000 ಇವುಗಳ ಮೆನುವಿನಲ್ಲೇ ಇದನ್ನು ಸರಿಮಾಡಬಹುದು. 60ಡಿ, ಡಿ90ಯಲ್ಲಿ ಆ ಸೌಲಭ್ಯ ಇಲ್ಲ, ರಿಪೇರಿಯವರ ಹತ್ತಿರ ಹೋಗಬೇಕು.

ಉಳಿದದ್ದು ಬೇಗ ಮುಗಿಯುತ್ತದೆ. ಎಲ್ಲ ಬಟನ್ ಒತ್ತಿ, ಎರಡೂ ಡಯಲ್ ತಿರುಗಿಸಿ. ಅಂಕಿ ಹಿಂದೆ ಮುಂದೆ ಹಾರಿದರೆ ಡಯಲ್ ಸವೆದಿದೆ. ಪಾಪ್-ಅಪ್ ಫ್ಲ್ಯಾಶ್ ಎದ್ದು ಹೊಡೆಯಲಿ. ಹಾಟ್ ಶೂ (ಬಾಡಿಯ ನೆತ್ತಿಯಲ್ಲಿ ಫ್ಲ್ಯಾಶ್ ಕೂರಿಸುವ ಜಾಗ) ಮೇಲೆ ಫ್ಲ್ಯಾಶ್ ಹಾಕಿ ನೋಡಿ. ತಳದ ಟ್ರೈಪಾಡ್ ತೂತು, ಸ್ಕ್ರೂಗಳ ತಲೆ ಗಮನಿಸಿ. ತಲೆ ಸವೆದ ಸ್ಕ್ರೂ ಕಂಡರೆ ಯಾರೋ ಒಳಗೆ ಕೈ ಹಾಕಿದ್ದಾರೆ. ಮೊದಲ ಕ್ಯಾನನ್ 5ಡಿಯಲ್ಲಿ ಕನ್ನಡಿಯೇ ಕಿತ್ತುಬರುವ ತೊಂದರೆ ಇತ್ತು. ಅದನ್ನು ಕೊಳ್ಳುವುದಾದರೆ ರಿಪೇರಿ ಆಗಿದೆಯಾ ಅಂತ ಕೇಳಿಯೇ ಕೊಳ್ಳಿ. ಪೆಂಟ್ಯಾಕ್ಸ್ ಕೆ-30, ಕೆ-50ಗಳಲ್ಲಿ ಅಪರ್ಚರ್ ನಡೆಸುವ ಭಾಗ ಕೆಟ್ಟು ಚಿತ್ರ ಕಪ್ಪಾಗಿ ಬರುವುದು ಬಲ್ಲವರಿಗೆಲ್ಲ ಗೊತ್ತಿರುವ ಕಾಯಿಲೆ.

ಲೆನ್ಸ್‌ಗೆ ಒಂದು ಟಾರ್ಚ್ ಸಾಕು

ದುಡ್ಡಿನ ದೊಡ್ಡ ಪಾಲು ಲೆನ್ಸ್‌ಗೇ ಹೋಗಲಿ. ಒಳ್ಳೇ ಲೆನ್ಸ್ ಹಾಕಿದ ಹಳೇ ಬಾಡಿ, ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಹಾಕಿದ ಹೊಸ ಬಾಡಿಯನ್ನು ಎಷ್ಟೋ ಸಲ ಮೀರಿಸುತ್ತದೆ.

ಲೆನ್ಸ್ ಬಿಚ್ಚಿ, ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಫೋನಿನ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನೇರವಾಗಿ ನೋಡಿದರೆ ಏನೂ ಕಾಣುವುದಿಲ್ಲ. ಧೂಳಿನ ಕಣ ಇದ್ದೇ ಇರುತ್ತವೆ, ಅವು ಏನೂ ಮಾಡುವುದಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಫಂಗಸ್. ಅಂಚಿನಲ್ಲಿ ಚೂರು ಇದ್ದರೆ ಚಿತ್ರದಲ್ಲಿ ಗೊತ್ತಾಗದಿರಬಹುದು, ಆದರೆ ಅದು ಬೆಳೆಯುತ್ತದೆ, ಗಾಜಿನ ಲೇಪವನ್ನೂ ತಿನ್ನುತ್ತದೆ. ಗಾಜಿಗೆಲ್ಲ ಉಸಿರು ಊದಿದಂತೆ ಮಬ್ಬು ಇದ್ದರೆ ಬಿಸಿಲಿಗೆ ಎದುರಾಗಿ ತೆಗೆದ ಚಿತ್ರಗಳೆಲ್ಲ ಪೇಲವ ಆಗುತ್ತವೆ. ಮುಂದಿನ ಗಾಜಿನ ಸಣ್ಣ ಗೀರು ನೋಡಲು ಕೆಟ್ಟದಾಗಿದ್ದರೂ ಚಿತ್ರಕ್ಕೆ ಅಷ್ಟು ಬಾಧಕ ಅಲ್ಲ. ಹಿಂದಿನ ಗಾಜಿನ ಗೀರು ಹಾಗಲ್ಲ.

ಅಪರ್ಚರ್ ಎಲೆಗಳಿಗೆ ಎಣ್ಣೆ ಹತ್ತಿ ಅಂಟಿಕೊಳ್ಳುವುದು ಇನ್ನೊಂದು ಕಾಯಿಲೆ. ಇದನ್ನು ಹಿಡಿಯಲು ಒಂದು ಉಪಾಯ ಇದೆ. ಅಪರ್ಚರ್ ಪ್ರಯಾರಿಟಿ ಮೋಡ್‌ನಲ್ಲಿ (ಅಪರ್ಚರ್ ನೀವು ಹೇಳಿ, ಶಟರ್ ಸ್ಪೀಡ್ ಕ್ಯಾಮೆರಾ ಹೊಂದಿಸುವ ಬಗೆ) ಒಂದೇ ದೃಶ್ಯವನ್ನು ಎಫ್/4, ಎಫ್/8, ಎಫ್/16ರಲ್ಲಿ ತೆಗೆಯಿರಿ. ಮೂರೂ ಒಂದೇ ಬೆಳಕಿನಲ್ಲಿ ಬರಬೇಕು. ಎಫ್/16ರ ಚಿತ್ರ ಬಿಳಿಚಿಕೊಂಡಿದ್ದರೆ ಎಲೆಗಳು ಸಮಯಕ್ಕೆ ಮುಚ್ಚುತ್ತಿಲ್ಲ. ವ್ಯೂಫೈಂಡರ್‌ನಲ್ಲಿ ಇದು ಕಾಣುವುದೇ ಇಲ್ಲ, ಯಾಕೆಂದರೆ ಚಿತ್ರ ತೆಗೆಯುವ ಕ್ಷಣದವರೆಗೂ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ. ಕ್ಯಾನನ್‌ನಲ್ಲಿ 'ಎರರ್ 01' ಬಂದರೆ ಬಾಡಿಗೂ ಲೆನ್ಸ್‌ಗೂ ಮಾತು ನಿಂತಿದೆ ಎಂದರ್ಥ. ಮೊದಲು ಲೆನ್ಸ್ ಹಿಂದಿನ ಚಿನ್ನದ ಬಣ್ಣದ ಚುಕ್ಕೆಗಳನ್ನು ಒರೆಸಿ ನೋಡಿ.

ಮೊದಲ ಲೆನ್ಸ್ ಯಾವುದು ಅಂದರೆ ನನ್ನ ಮತ 50 ಎಂಎಂ ಎಫ್/1.8ಕ್ಕೆ. ಎಲ್ಲ ಕಂಪನಿಗಳಲ್ಲೂ ಅಗ್ಗ, ಕಿಟ್ ಲೆನ್ಸ್‌ಗಿಂತ ಎಷ್ಟೋ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಕ್ರಾಪ್ ಸೆನ್ಸರ್‌ನಲ್ಲಿ (ಫುಲ್ ಫ್ರೇಮ್, ಅಂದರೆ 35 ಎಂಎಂ ಫಿಲ್ಮ್ ಅಳತೆಗಿಂತ ಚಿಕ್ಕದು) ಅದು ನಿಕಾನ್‌ಗೆ 75, ಕ್ಯಾನನ್‌ಗೆ 80 ಎಂಎಂ ಇದ್ದಂತೆ ಕಾಣುತ್ತದೆ. ಮುಖಗಳಿಗೆ ಹೇಳಿಮಾಡಿಸಿದ್ದು, ಸಣ್ಣ ಕೋಣೆಯೊಳಗೆ ಇಕ್ಕಟ್ಟು.

ಕೂರುತ್ತದೆ, ಆದರೆ ನಡೆಯುತ್ತದಾ?

ಬಾಡಿ ಒಂದು ಕಡೆ, ಲೆನ್ಸ್ ಒಂದು ಕಡೆ ಕೊಳ್ಳುವವರು ಹೆಚ್ಚು ಎಡವುವುದು ಇಲ್ಲಿ. ಕ್ಯಾನನ್ ಇಎಫ್ ಮೌಂಟ್ 1987ರದ್ದು. ಅದರ ಯಾವ ಲೆನ್ಸ್ ಆದರೂ ಯಾವ ಕ್ಯಾನನ್ ಡಿಎಸ್‌ಎಲ್‌ಆರ್‌ಗಾದರೂ ಕೂರುತ್ತದೆ, ಹೆಚ್ಚಿನವು ತಾವಾಗಿ ಫೋಕಸ್ ಕೂಡ ಆಗುತ್ತವೆ. ಆದರೆ 2003ರಲ್ಲಿ ಬಂದ ಇಎಫ್-ಎಸ್ ಲೆನ್ಸ್‌ಗಳು ಕ್ರಾಪ್ ಬಾಡಿಗೆ ಮಾತ್ರ. ಲೆನ್ಸ್ ಮೇಲೆ ಕೆಂಪು ಚುಕ್ಕೆ ಇದ್ದರೆ ಇಎಫ್, ಬಿಳಿ ಚೌಕ ಇದ್ದರೆ ಇಎಫ್-ಎಸ್. ಫುಲ್ ಫ್ರೇಮ್ ಆದ 5ಡಿ, 6ಡಿ ಇದ್ದವರಿಗೆ ಬಿಳಿ ಚೌಕದ ಲೆನ್ಸ್ ಬೇಡ.

ನಿಕಾನ್ ಎಫ್ ಮೌಂಟ್ 1959ರದ್ದು. ಹಾಗಾಗಿ ಕೂರುವ ಲೆನ್ಸ್ ಬೇಕಾದಷ್ಟು, ಗೊಂದಲವೂ ಅಷ್ಟೇ. ಹಳೇ ಎಎಫ್-ಡಿ ಲೆನ್ಸ್‌ಗಳಲ್ಲಿ ಮೋಟಾರ್ ಇಲ್ಲ. ಬಾಡಿಯೊಳಗಿನ ಮೋಟಾರ್ ಅವನ್ನು ತಿರುಗಿಸಬೇಕು. ಡಿ90, ಡಿ7000, ಡಿ700 ಇವುಗಳಲ್ಲಿ ಆ ಮೋಟಾರ್ ಇದೆ. ಡಿ40, ಡಿ60, ಡಿ3000 ಸಾಲು, ಡಿ5000 ಸಾಲು ಇವುಗಳಲ್ಲಿ ಇಲ್ಲ, ಕೈಯಲ್ಲೇ ಫೋಕಸ್ ಮಾಡಬೇಕು. ಇವುಗಳಿಗೆ ಎಎಫ್-ಎಸ್ ಎಂದು ಬರೆದ ಲೆನ್ಸ್ ನೋಡಿ. ಇದರ ಉಲ್ಟಾ ತೊಂದರೆ ಎಎಫ್-ಪಿ ಎಂಬ ಹೊಸ ಲೆನ್ಸ್‌ಗಳದ್ದು. ಅವು ಡಿ90, ಡಿ7000, ಡಿ3200, ಡಿ5100ರಲ್ಲಿ ಫೋಕಸ್ ಆಗುವುದೇ ಇಲ್ಲ, ಕೈಯಲ್ಲಿ ತಿರುಗಿಸಿದರೂ ಅಷ್ಟೇ. ಡಿಎಕ್ಸ್ (ಕ್ರಾಪ್ ಸೆನ್ಸರ್‌ಗೆಂದು ಮಾಡಿದ) ಲೆನ್ಸನ್ನು ಫುಲ್ ಫ್ರೇಮ್ ನಿಕಾನ್‌ಗೆ ಹಾಕಬಹುದು, ಆದರೆ ಕ್ಯಾಮೆರಾ ನಡುವಿನ ಭಾಗವನ್ನಷ್ಟೇ ಬಳಸುತ್ತದೆ. ಡಿ700ರ 12 ಮೆಗಾಪಿಕ್ಸೆಲ್ ಆಗ 5ಕ್ಕೆ ಇಳಿಯುತ್ತದೆ.

ಜೊತೆಗೆ ಬೇಕಾದದ್ದು

ಬ್ಯಾಟರಿ ಹೆಸರು ನೋಡಿ ಬಾಡಿ ಆರಿಸುವುದು ವಿಚಿತ್ರ ಅನ್ನಿಸಬಹುದು, ಆದರೆ ನಾನು ನೋಡುತ್ತೇನೆ. ಕ್ಯಾನನ್ ಎಲ್‌ಪಿ-ಇ6 ಬ್ಯಾಟರಿ 5ಡಿ ಮಾರ್ಕ್ 2, 6ಡಿ, 7ಡಿ, 60ಡಿ, 70ಡಿ, 80ಡಿ ಇಷ್ಟಕ್ಕೂ ಆಗುತ್ತದೆ, ಸುಲಭವಾಗಿ ಸಿಗುತ್ತದೆ. ಮೊದಲ 5ಡಿ, 40ಡಿ, 50ಡಿಗೆ ಬೇಕಾದ ಬಿಪಿ-511 ಸಾಲಿನದು ಹಳೆಯದು, ಒರಿಜಿನಲ್ ಸಿಕ್ಕರೂ ಜೀವ ಇರುವುದು ಅಪರೂಪ. ಜೀವ ಎಷ್ಟಿದೆ ಅಂತ ಕ್ಯಾಮೆರಾವೇ ಹೇಳುತ್ತದೆ. ಡಿ90, ಡಿ300, ಡಿ700ರ ಮೆನುವಿನಲ್ಲಿ ಬ್ಯಾಟರಿ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ, 4 ಅಂದರೆ ಮುಗಿಯಿತು. ಎಲ್‌ಪಿ-ಇ6 ಬಳಸುವ ಕ್ಯಾನನ್‌ಗಳಲ್ಲಿ ಮೂರು ಹಸಿರು ಚೌಕ ಇದ್ದರೆ ಸರಿ, ಕೆಂಪು ಬಂದರೆ ಬದಲಿಸಿ.

ಕಾರ್ಡ್‌ನಲ್ಲಿ ಎರಡು ಬಗೆ. 5ಡಿ ಮಾರ್ಕ್ 2, 50ಡಿ, ಡಿ700 ಕಾಂಪ್ಯಾಕ್ಟ್ ಫ್ಲ್ಯಾಶ್ ಬಳಸುತ್ತವೆ. ಆ ಸ್ಲಾಟ್‌ನೊಳಗೆ ಎರಡು ಸಾಲು ಸೂಜಿಯಂಥ ಪಿನ್ ಇರುತ್ತವೆ. ಒಂದು ಬಾಗಿದರೂ ಕೆಲಸ ಕೆಟ್ಟಂತೆ. ಕೊಳ್ಳುವ ಮೊದಲು ಟಾರ್ಚ್ ಬಿಟ್ಟು ಒಳಗೆ ನೋಡಿ. ಎಸ್‌ಡಿ ಕಾರ್ಡ್‌ನ ಕ್ಯಾಮೆರಾ ಆದರೆ ಎಷ್ಟು ದೊಡ್ಡ ಕಾರ್ಡ್ ಹಿಡಿಯುತ್ತದೆ ಅಂತ ತಿಳಿದುಕೊಳ್ಳಿ. ಬರೀ ಎಸ್‌ಡಿ ಅಂದರೆ 2 ಜಿಬಿ, ಎಸ್‌ಡಿಎಚ್‌ಸಿ 32 ಜಿಬಿವರೆಗೆ, ಅದರ ಮೇಲಿನದ್ದು ಎಸ್‌ಡಿಎಕ್ಸ್‌ಸಿ. ಹಳೇ ಬಾಡಿಗೆ ಅತಿ ವೇಗದ ಕಾರ್ಡ್ ದಂಡ, ಬರೆಯುವ ವೇಗ ಕ್ಯಾಮೆರಾದಲ್ಲೇ ನಿಂತುಹೋಗುತ್ತದೆ. ನಕಲಿ ಕಾರ್ಡ್ ಕಾಟವೂ ಇದೆ. ಹೊರಗೆ 64 ಎಂದು ಬರೆದು ಒಳಗೆ 8 ಇರುತ್ತದೆ. ಕೊಂಡ ದಿನವೇ ಕಂಪ್ಯೂಟರ್‌ನಲ್ಲಿ ಪೂರ್ತಿ ತುಂಬಿಸಿ, ಫೈಲ್‌ಗಳು ತೆರೆಯುತ್ತವೆಯಾ ನೋಡಿ.

ಫ್ಲ್ಯಾಶ್ ವಿಷಯದಲ್ಲಿ ಒಂದು ಎಚ್ಚರಿಕೆ. ಫಿಲ್ಮ್ ಕಾಲದ ಕೆಲವು ಫ್ಲ್ಯಾಶ್‌ಗಳು ಹಾಟ್ ಶೂ ಮೂಲಕ 200 ವೋಲ್ಟ್‌ಗಿಂತ ಹೆಚ್ಚು ಕಳಿಸುತ್ತವೆ. ಕೆಲವು ಡಿಎಸ್‌ಎಲ್‌ಆರ್‌ಗಳು ತಡೆದುಕೊಳ್ಳುವುದು 6 ವೋಲ್ಟ್ ಮಾತ್ರ. ಮನೆಯಲ್ಲಿ ಯಾರದೋ ಹಳೇ ಫ್ಲ್ಯಾಶ್ ಇದೆ ಅಂತ ಸಿಕ್ಕಿಸಬೇಡಿ. ನಡುವಿನ ಪಿನ್‌ಗೂ ಪಕ್ಕದ ಲೋಹಕ್ಕೂ ಮಲ್ಟಿಮೀಟರ್ ಹಿಡಿದು ಮೊದಲು ಅಳೆಯಿರಿ. ಇನ್ನೊಂದು, ಕ್ಯಾನನ್‌ನ ಆಟೋ ಫ್ಲ್ಯಾಶ್ ನಿಕಾನ್ ಮೇಲೆ ತಾನಾಗಿ ಬೆಳಕು ಅಳೆಯುವುದಿಲ್ಲ.

ಯುವಿ ಫಿಲ್ಟರ್, ಮೂರು ಮುಚ್ಚಳ, ಪುಟಾಣಿ ಟ್ರೈಪಾಡ್, ಒರೆಸುವ ಬಟ್ಟೆ ಎಲ್ಲ ಸೇರಿಸಿ 'ಕಿಟ್' ಅಂತ ಬೆಲೆ ಏರಿಸುವುದು ಮಾಮೂಲು. ಅದರಲ್ಲಿ ಬೆಲೆ ಬಾಳುವುದು ಲೆನ್ಸ್ ಹುಡ್ ಮತ್ತು ಒರಿಜಿನಲ್ ಚಾರ್ಜರ್. ಅಗ್ಗದ ಫಿಲ್ಟರ್ ದೀಪಗಳ ಸುತ್ತ ಭೂತದಂಥ ಪ್ರತಿಬಿಂಬ ತರುತ್ತದೆ, ಬಿಚ್ಚಿ ಎಸೆಯಿರಿ. ಟ್ರೈಪಾಡ್ ಹಗುರವಾಗಿದ್ದರೆ ಇಲ್ಲದಿರುವುದೇ ಮೇಲು.

ಮುಂದೆ ಮಿರರ್‌ಲೆಸ್‌ಗೆ ಹೋಗುವ ಯೋಚನೆ ಇದ್ದರೆ ಲೆನ್ಸ್ ಆರಿಸುವಾಗಲೇ ಅದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಕ್ಯಾನನ್ ಇಎಫ್ ಲೆನ್ಸ್‌ಗಳು ಕಂಪನಿಯದೇ ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಗಳಲ್ಲಿ ಫೋಕಸ್ ಸಮೇತ ನಡೆಯುತ್ತವೆ. ಎಫ್ ಲೆನ್ಸನ್ನು ಝಡ್ ಬಾಡಿಗೆ ಕೂರಿಸುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಎಎಫ್-ಎಸ್, ಎಎಫ್-ಪಿ ಲೆನ್ಸ್ ಫೋಕಸ್ ಆಗುತ್ತವೆ, ಎಎಫ್-ಡಿ ಆಗುವುದಿಲ್ಲ, ಅಡಾಪ್ಟರ್‌ನೊಳಗೆ ಮೋಟಾರ್ ಇಲ್ಲ. ನಿಕಾನ್ 50 ಎಂಎಂ ಎಫ್/1.8ರಲ್ಲಿ ಎಎಫ್-ಡಿ ಮತ್ತು ಎಎಫ್-ಎಸ್ ಜಿ ಎರಡೂ ಸಿಗುತ್ತಿದ್ದು ಡಿ ಸ್ವಲ್ಪ ಅಗ್ಗ ಅನ್ನಿಸಿದರೆ, ಆ ವ್ಯತ್ಯಾಸ ಕೊಟ್ಟು ಎಎಫ್-ಎಸ್ ಜಿಯನ್ನೇ ತೆಗೆದುಕೊಳ್ಳಿ.